ಮೆಚ್ಚುಗೆ ಮಾರಾಟಕ್ಕಿಲ್ಲ, ನೆರವಿಗೆ ಬೆಲೆಯಿರಲಿ

ದೃಶ್ಯಕಲೆಯ ಪದವಿಗೆ ನಾಲ್ಕು ವರ್ಷ ಬೇಕು. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆ, ಕಲಬುರಗಿಯ ಕಲಾ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಹುಡುಗ ಹುಡುಗಿಯರು ಈ ಅವಧಿಯಲ್ಲಿ ರೇಖೆ, ಬಣ್ಣ, ಸಂಯೋಜನೆ, ಮುದ್ರಣಕಲೆ, ಕಲಾ ಇತಿಹಾಸ ಎಲ್ಲವನ್ನೂ ಒಂದು ಮಟ್ಟಕ್ಕೆ ಕಲಿತಿರುತ್ತಾರೆ. ಆದರೆ ಕೃತಿಗೆ ಎಷ್ಟು ಬೆಲೆ ಇಡಬೇಕು, ಗ್ಯಾಲರಿಯವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವ ಮುನ್ನ ಏನನ್ನು ಓದಬೇಕು, ಕಲಾವಿದರು ಉಳಿದು ಕೆಲಸ ಮಾಡುವ ರೆಸಿಡೆನ್ಸಿಗೆ ಅರ್ಜಿ ಹೇಗೆ ಬರೆಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಾಲೇಜಿನ ಗೇಟು ದಾಟಿದ ಮರುದಿನದಿಂದಲೇ ಬೇಕಾಗುವ ವಿದ್ಯೆ ಇದು.

ಈ ಕೊರತೆ ತುಂಬಲು ಈಗ ಕಲಾವಿಮರ್ಶಕರೂ ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್‌ಗಳೂ ಮುಂದೆ ಬಂದಿದ್ದಾರೆ. ಒಂದು ಗಂಟೆಯ ಮಾತುಕತೆಗೆ ಇಷ್ಟು, ಪೋರ್ಟ್‌ಫೋಲಿಯೊ ತಿದ್ದಿಕೊಡಲು ಇಷ್ಟು, ಆರು ತಿಂಗಳ ಮಾರ್ಗದರ್ಶನಕ್ಕೆ ಇಷ್ಟು ಎಂದು ದರ ನಿಗದಿ ಮಾಡಿ ಕಲಾವಿದರಿಗೆ ವೃತ್ತಿ ನೆರವು ನೀಡುವುದು ಜಗತ್ತಿನ ದೊಡ್ಡ ನಗರಗಳಲ್ಲಿ ನೆಲೆಯೂರಿದ ಕಸುಬು. ನಮ್ಮಲ್ಲಿಯೂ ಅದು ನಿಧಾನವಾಗಿ ಬೇರುಬಿಡುತ್ತಿದೆ. ಕೃತಿಯ ಗುಣದೋಷ ಹೇಳಬೇಕಾದವರು ಕೃತಿಕಾರರಿಂದಲೇ ಹಣ ಪಡೆಯುವುದು ಸರಿಯೇ ಎಂದು ಹಲವರು ಮುಖ ಸಿಂಡರಿಸುತ್ತಾರೆ. ಆ ಅನುಮಾನಕ್ಕೆ ಬಲವಾದ ಕಾರಣವಿದೆ. ಹಾಗೆಂದು ಸೇವೆಯನ್ನೇ ತಳ್ಳಿಹಾಕಿದರೆ ನಷ್ಟವಾಗುವುದು ನಗರದ ನಂಟಿಲ್ಲದ, ಇಂಗ್ಲಿಷ್ ಸಲೀಸಾಗಿ ಬಾರದ, ಮನೆಯಲ್ಲಿ ಕಲೆಯ ಹಿನ್ನೆಲೆಯಿಲ್ಲದ ಕಲಾವಿದರಿಗೆ. ಆದ್ದರಿಂದ ಯಾವುದಕ್ಕೆ ಶುಲ್ಕ ಪಡೆಯಬಹುದು, ಯಾವುದಕ್ಕೆ ಖಂಡಿತ ಪಡೆಯಬಾರದು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕಾಗಿದೆ.

ಸ್ನೇಹದ ಹೆಸರಿನಲ್ಲಿ ನಡೆದ ನೆರವು

ವಿಮರ್ಶಕರು ಕಲಾವಿದರ ಬೆನ್ನಿಗೆ ನಿಲ್ಲುವುದು ಹೊಸದಲ್ಲ. ಪ್ಯಾರಿಸ್ಸಿನಲ್ಲಿ 1866ರಲ್ಲಿ ಲೇಖಕ ಎಮಿಲ್ ಜೋಲಾ ಪತ್ರಿಕೆಯೊಂದರಲ್ಲಿ ಚಿತ್ರಕಾರ ಎದುವಾರ್ ಮಾನೆ ಅವರ ಚಿತ್ರಗಳನ್ನು ಸಮರ್ಥಿಸಿ ಬರೆದಾಗ ಓದುಗರು ಸಿಟ್ಟಾಗಿ, ಆ ಬರಹಮಾಲೆಯನ್ನೇ ಮೊಟಕುಗೊಳಿಸಬೇಕಾಯಿತು. ಮರುವರ್ಷ ಜೋಲಾ ಅದೇ ವಾದವನ್ನು ಕಿರುಹೊತ್ತಗೆಯಾಗಿ ತಂದರು. 1868ರಲ್ಲಿ ಮಾನೆ ಅವರು ಜೋಲಾರ ಭಾವಚಿತ್ರ ಬರೆದರು. ಆ ಹೊತ್ತಗೆಯೂ ಚಿತ್ರದ ಮೇಜಿನ ಮೇಲೆ ಕಾಣುತ್ತದೆ. ಹಣ ಕೈ ಬದಲಾಯಿಸಲಿಲ್ಲ. ಋಣ ಮಾತ್ರ ಎರಡೂ ಕಡೆ ಉಳಿಯಿತು.

ನಮ್ಮ ದೇಶದಲ್ಲಿ ಕಲಾವಿದೆ ಅಮೃತಾ ಶೇರ್‌ಗಿಲ್ ಅವರಿಗೆ ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ಇದ್ದರು. ವೃತ್ತಿಯಿಂದ ಕಾನೂನಿನವರಾದ ಅವರು ಶೇರ್‌ಗಿಲ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡು, ಚಿತ್ರಗಳ ಬಗ್ಗೆ ನೇರವಾಗಿ ಚರ್ಚಿಸಿ, ಆಕೆ ತೀರಿಕೊಂಡ ಮೇಲೆ ಪುಸ್ತಕವನ್ನೂ ಬರೆದರು. ಇನ್ನೂ ದೊಡ್ಡ ಉದಾಹರಣೆ 1940ರ ದಶಕದ ಮುಂಬೈಯದು. ಯುರೋಪಿನಿಂದ ಬಂದು ನೆಲೆಸಿದ ಮೂವರು ಅಲ್ಲಿದ್ದರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾವಿಮರ್ಶೆ ಬರೆಯುತ್ತಿದ್ದ ರೂಡಿ ವಾನ್ ಲೇಡನ್, ಅದೇ ಪತ್ರಿಕೆಯ ಕಲಾ ನಿರ್ದೇಶಕ ವಾಲ್ಟರ್ ಲ್ಯಾಂಗ್‌ಹ್ಯಾಮರ್ ಮತ್ತು ಕೃತಿಗಳನ್ನು ಕೊಳ್ಳುತ್ತಿದ್ದ ಉದ್ಯಮಿ ಇಮ್ಯಾನ್ಯುಯೆಲ್ ಶ್ಲೆಸಿಂಗರ್. ಒಬ್ಬರು ಬರೆದರು, ಒಬ್ಬರು ಕಲಿಸಿದರು, ಒಬ್ಬರು ಕೊಂಡರು. ಬಾಲ್ಯದಲ್ಲೇ ಮನೆಬಿಟ್ಟು ಮುಂಬೈ ಸೇರಿ, ಮನೆಗೆಲಸ ಮಾಡಿ, ಕಾರು ತೊಳೆದು ಬದುಕುತ್ತಿದ್ದ ಕೆ.ಎಚ್. ಆರಾ ಈ ಬಳಗದ ಪ್ರೋತ್ಸಾಹದಿಂದ 1942ರಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದರು. ಐದು ವರ್ಷದ ನಂತರ ಸೂಜಾ, ರಜಾ, ಹುಸೇನ್ ಮೊದಲಾದವರ ಜೊತೆ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಸ್ಥಾಪಕರಲ್ಲಿ ಒಬ್ಬರಾದರು. 1941ರಲ್ಲಿ ಚೌಕಟ್ಟು ತಯಾರಿಸುವ ಕೆಮೋಲ್ಡ್ ಉದ್ಯಮ ಆರಂಭಿಸಿದ ಕೇಕೂ ಗಾಂಧಿ ತಮ್ಮ ಅಂಗಡಿಯ ಕಿಟಕಿಯಲ್ಲಿ ಈ ತರುಣರ ಚಿತ್ರಗಳನ್ನಿಟ್ಟರು. ಮುಂದೆ 1963ರಲ್ಲಿ ಅದೇ ಕೆಮೋಲ್ಡ್ ಹೆಸರಿನ ಗ್ಯಾಲರಿ ಹುಟ್ಟಿತು.

ಆರಾ ಅವರ ಬದುಕನ್ನು ನೆನೆದರೆ ಈ ನೆರವಿನ ಬೆಲೆ ತಿಳಿಯುತ್ತದೆ. ಒಬ್ಬ ವಿಮರ್ಶಕನ ಕಣ್ಣಿಗೆ ಬೀಳದೆ ಹೋಗಿದ್ದರೆ ಆ ಹೂದಾನಿಗಳ, ನಗ್ನಚಿತ್ರಗಳ ಕಲಾವಿದ ನಮಗೆ ಸಿಗುತ್ತಿದ್ದರೇ? ಹಾಗೆಯೇ, ಅದೇ ಮುಂಬೈಯಲ್ಲಿ ಅಂಥ ಕಣ್ಣಿಗೆ ಬೀಳದೆ ಹೋದವರು ಎಷ್ಟು ಜನ ಎಂಬ ಪ್ರಶ್ನೆಯೂ ಏಳಬೇಕು. ಸ್ನೇಹದಿಂದ ಬಂದ ನೆರವು ಸ್ನೇಹದ ವಲಯ ಇದ್ದಷ್ಟೇ ದೂರ ಹೋಗುತ್ತದೆ. ಯಾರ ಮನೆಯ ಸಂಜೆಕೂಟಕ್ಕೆ ಯಾರಿಗೆ ಪ್ರವೇಶ ಸಿಗುತ್ತಿತ್ತು ಎಂಬುದರ ಮೇಲೆ ಕಲಾವಿದರ ಹಣೆಬರಹ ನಿಂತಿತ್ತು. ಉಡುಪಿ ಬಳಿಯ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರರು ಮುಂಬೈಗೆ ಹೋಗಿ ನೆಲೆನಿಂತದ್ದರಿಂದ ಆ ಲೋಕ ಅವರಿಗೆ ತೆರೆಯಿತು. ಊರಲ್ಲೇ ಉಳಿದವರಿಗೆ ತೆರೆಯಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಬಹಿರಂಗವಾಗಿ ದರ ಹೇಳಿ ನೆರವು ನೀಡುವುದರಲ್ಲಿ ಒಂದು ನ್ಯಾಯವಿದೆ. ಶುಲ್ಕ ಕೊಟ್ಟವರು ಯಾರೇ ಆದರೂ ಮುಂದಿನ ಕುರ್ಚಿಯಲ್ಲಿ ಕೂರಬಹುದು. ಪರಿಚಯ ಬೇಕಿಲ್ಲ, ಶಿಫಾರಸು ಬೇಕಿಲ್ಲ. ವಿಮರ್ಶಕರ ಕಡೆಯ ಸಂಗತಿಯನ್ನೂ ಮರೆಯಬಾರದು. ಪತ್ರಿಕೆಗಳಲ್ಲಿ ಕಲಾವಿಮರ್ಶೆಗೆ ಸಿಗುತ್ತಿದ್ದ ಜಾಗ ಕಿರಿದಾಗಿದೆ, ಬರೆದದ್ದಕ್ಕೆ ಬರುವ ಸಂಭಾವನೆಯಲ್ಲಿ ಸಂಸಾರ ತೂಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಕೃತಿಗಳನ್ನು ನೋಡಿ ಪಳಗಿದ ಕಣ್ಣು ಒಂದು ಸಂಪತ್ತು. ಅದನ್ನು ಪುಕ್ಕಟೆಯಾಗಿ ಕೊಡಿ ಎಂದು ಕೇಳುವ ಸಮಾಜ, ಕಲಾವಿದರಿಗೂ ಚಿತ್ರವನ್ನು ಪುಕ್ಕಟೆಯಾಗಿ ಕೊಡಿ ಎಂದು ಕೇಳುವ ಸಮಾಜವೇ ಆಗಿರುತ್ತದೆ.

ಒಳ್ಳೆಯ ನೆರವಿನಲ್ಲಿ ಏನೇನಿರುತ್ತದೆ

ಮೊದಲನೆಯದು ದಾಖಲೆ. ಪ್ರತಿ ಕೃತಿಯ ಒಳ್ಳೆಯ ಛಾಯಾಚಿತ್ರ, ಹೆಸರು, ವರ್ಷ, ಮಾಧ್ಯಮ, ಅಳತೆ, ಈಗ ಅದು ಯಾರ ಬಳಿ ಇದೆ ಎಂಬ ವಿವರ. ಇಷ್ಟನ್ನು ಒಂದು ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಬರೆದಿಡುವ ಅಭ್ಯಾಸ ನಮ್ಮ ಹಿರಿಯ ಕಲಾವಿದರಲ್ಲೇ ವಿರಳ. ಕೃತಿ ಮಾರಾಟವಾದ ಮೇಲೆ ಅದರ ಗುರುತೇ ಇಲ್ಲದಂತಾಗುತ್ತದೆ. ಮುಂದೊಂದು ದಿನ ನಕಲಿ ಕೃತಿ ಮಾರುಕಟ್ಟೆಗೆ ಬಂದರೆ ನಿಜ ಯಾವುದು ಎಂದು ಹೇಳಲು ಆಧಾರವೇ ಇರುವುದಿಲ್ಲ. ಕ್ಯುರೇಟರ್ ಒಬ್ಬರು ಮೊದಲ ಭೇಟಿಯಲ್ಲಿ ಈ ಪಟ್ಟಿ ಮಾಡಿಸಿದರೆ ಕೊಟ್ಟ ಶುಲ್ಕ ಅಲ್ಲಿಗೇ ಸಾರ್ಥಕವಾಯಿತು ಎನ್ನಬಹುದು.

ಎರಡನೆಯದು ಆಯ್ಕೆ. ಕಲಾವಿದರಿಗೆ ತಮ್ಮ ಎಲ್ಲ ಕೃತಿಗಳೂ ಮಕ್ಕಳಂತೆ. ಯಾವುದನ್ನೂ ಬಿಡಲು ಮನಸ್ಸು ಬಾರದು. ಅರ್ಜಿಯ ಜೊತೆ ಹತ್ತು ಚಿತ್ರ ಕಳಿಸಿ ಎಂದರೆ ಹತ್ತು ಬೇರೆ ಬೇರೆ ಶೈಲಿಯವನ್ನು ಸೇರಿಸಿ ಕಳಿಸುತ್ತಾರೆ. ಆಯ್ಕೆ ಸಮಿತಿಯವರಿಗೆ ಹತ್ತು ಜನರ ಕೆಲಸ ನೋಡಿದಂತಾಗುತ್ತದೆ. ಹೊರಗಿನ ಕಣ್ಣೊಂದು ಇವುಗಳಲ್ಲಿ ಒಂದಕ್ಕೊಂದು ಕೊಂಡಿಯಾಗುವ ಕೆಲಸಗಳನ್ನು ಹೆಕ್ಕಿ ಮುಂದಿಟ್ಟರೆ, ತಾನು ಏನನ್ನು ಹುಡುಕುತ್ತಿದ್ದೇನೆ ಎಂಬುದು ಹಲವು ಬಾರಿ ಕಲಾವಿದರಿಗೇ ಮೊದಲ ಸಲ ಸ್ಪಷ್ಟವಾಗುತ್ತದೆ.

ಮೂರನೆಯದು ಬರವಣಿಗೆ. ಕಲಾವಿದರ ಹೇಳಿಕೆ ಎಂಬ ಒಂದು ಪುಟ ಇಂದು ಎಲ್ಲ ಅರ್ಜಿಗಳಿಗೂ ಬೇಕು. ‘ನನ್ನ ಕೃತಿಗಳು ಮನುಷ್ಯ ಮತ್ತು ಪ್ರಕೃತಿಯ ನಡುವಣ ಸಂಬಂಧವನ್ನು ಶೋಧಿಸುತ್ತವೆ’ ಎಂದು ಬರೆದರೆ ಅದು ಯಾರ ಕೃತಿಗೂ ಒಪ್ಪುವ ಮಾತು. ‘ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ನಮ್ಮೂರಿನಿಂದ ತಂದ ಬಾಗಿಲುವಾಡಗಳ ಮೇಲೆ ಸುಣ್ಣ, ಕೆಮ್ಮಣ್ಣು ಬಳಸಿ ಕೆಲಸ ಮಾಡುತ್ತಿದ್ದೇನೆ’ ಎಂದರೆ ಓದುವವರು ನಿಂತು ನೋಡುತ್ತಾರೆ. ಒಳ್ಳೆಯ ಮಾರ್ಗದರ್ಶಕರು ಈ ಎರಡನೆಯ ವಾಕ್ಯವನ್ನು ಕಲಾವಿದರ ಬಾಯಿಂದಲೇ ಹೊರಡಿಸುತ್ತಾರೆ. ತಾವೇ ಕುಳಿತು ಅಲಂಕಾರದ ಭಾಷೆಯಲ್ಲಿ ಬರೆದುಕೊಟ್ಟರೆ ಮುಂದಿನ ಅರ್ಜಿಗೆ ಕಲಾವಿದರು ಮತ್ತೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ. ಈ ಮಾತುಕತೆ ಕನ್ನಡದಲ್ಲೇ ನಡೆಯಬೇಕು. ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಹೇಳಿಕೆಯನ್ನು ಇಂಗ್ಲಿಷಿಗೆ ತರುವುದು ಕಷ್ಟದ ಕೆಲಸವೇನಲ್ಲ. ಮೊದಲೇ ಇಂಗ್ಲಿಷಿನಲ್ಲಿ ಯೋಚಿಸಲು ಹೋಗಿ ತನ್ನ ಊರು, ತನ್ನ ವಸ್ತು, ತನ್ನ ಕೈಕೆಲಸ ಎಲ್ಲವನ್ನೂ ಬಿಟ್ಟುಕೊಟ್ಟ ಹೇಳಿಕೆಗಳೇ ಹೆಚ್ಚು.

ನಾಲ್ಕನೆಯದು ಲೆಕ್ಕ. ಗ್ಯಾಲರಿಗಳು ಮಾರಾಟದ ಮೇಲೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಪಡೆಯುತ್ತವೆ. ಉದಾಹರಣೆಗೆ ಒಂದು ಚಿತ್ರಕ್ಕೆ 30,000 ರೂಪಾಯಿ ಬೆಲೆ ಇಟ್ಟು, ಕಮಿಷನ್ ಶೇ 40 ಆದರೆ, ಕಲಾವಿದರಿಗೆ ಬರುವುದು 18,000. ಕ್ಯಾನ್ವಾಸ್, ಬಣ್ಣಕ್ಕೆ 5,000, ಚೌಕಟ್ಟಿಗೆ 4,000, ಸಾಗಣೆಗೆ 1,500 ಕಳೆದರೆ ಕೈಯಲ್ಲಿ ಉಳಿಯುವುದು 7,500. ಆರು ವಾರದ ದುಡಿಮೆಗೆ ಅಷ್ಟೇ ಕೂಲಿ. ಈ ಲೆಕ್ಕ ಹಾಕದೆ ಬೆಲೆ ಇಡುವವರೇ ಹೆಚ್ಚು. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಅರ್ಧ ಬೆಲೆ ಎಂಬ ರೂಢಿಯೂ ಕಲಾವಿದರಿಗೇ ಮುಳುವು. ಒಮ್ಮೆ ಸುದ್ದಿ ಹರಡಿದರೆ ಗ್ಯಾಲರಿಯವರೂ ನಂಬುವುದಿಲ್ಲ, ಕೊಳ್ಳುವವರೂ ನಂಬುವುದಿಲ್ಲ.

ಐದನೆಯದು ಕಾನೂನು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಲಾವಿದರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಕೊಂಡವರಿಗೆ ಹೋಗುವುದಿಲ್ಲ. ಅವರು ಅದನ್ನು ಗೋಡೆಗೆ ಹಾಕಿಕೊಳ್ಳಬಹುದು. ಕ್ಯಾಲೆಂಡರಿನಲ್ಲೋ ಸೀರೆಯ ಮೇಲೋ ಅಚ್ಚು ಹಾಕಿಸಬೇಕಾದರೆ ಕಲಾವಿದರ ಲಿಖಿತ ಅನುಮತಿ ಬೇಕು. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ಹೇಳಿರದಿದ್ದರೆ ಭಾರತಕ್ಕೆ ಸೀಮಿತ ಎಂದೂ ಕಾಯ್ದೆ ಭಾವಿಸುತ್ತದೆ. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರ ಅಥವಾ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕುಸ್ವಾಮ್ಯದ ಮೊದಲ ಒಡೆಯರು ಬರೆಸಿದವರೇ ಆಗುತ್ತಾರೆ. ಹೋಟೆಲಿಗೆ, ಕಂಪನಿಯ ಕಚೇರಿಗೆ ಚಿತ್ರ ಬರೆದುಕೊಡುವ ತರುಣರಿಗೆ ಈ ಒಂದು ನಿಯಮ ಗೊತ್ತಿದ್ದರೆ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿಕೊಂಡು ಹಕ್ಕನ್ನು ಉಳಿಸಿಕೊಳ್ಳಬಹುದು.

ಇದೇ ಕಾಯ್ದೆಯ 53ಎ ಸೆಕ್ಷನ್ ಮರುಮಾರಾಟದ ಪಾಲಿನ ಬಗ್ಗೆ ಹೇಳುತ್ತದೆ. ಮೂಲ ಚಿತ್ರ ಅಥವಾ ಶಿಲ್ಪ ಮುಂದೆ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಹಕ್ಕುಸ್ವಾಮ್ಯದ ಮೊದಲ ಒಡೆಯರಾಗಿದ್ದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಅದರಲ್ಲಿ ಪಾಲಿದೆ. ಆ ಪಾಲು ಶೇ 10ನ್ನು ಮೀರುವಂತಿಲ್ಲ. ಕಾಯ್ದೆಯಲ್ಲಿರುವ ಈ ಹಕ್ಕನ್ನು ಕೇಳಿ ಪಡೆದವರು ಅಪರೂಪ. 57ನೇ ಸೆಕ್ಷನ್ ಕೃತಿಯ ಗೌರವವನ್ನು ಕಾಯುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಲು ಮತ್ತು ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಸರ್ಕಾರವೇ ಹಣ ಕೊಟ್ಟು ಮಾಡಿಸಿದ ಕೃತಿಯ ಮೇಲೂ ಕಲಾವಿದರಿಗೆ ಹಕ್ಕು ಉಳಿದಿರುತ್ತದೆ ಎಂಬುದನ್ನು ಈ ತೀರ್ಪು ಗಟ್ಟಿಮಾಡಿತು. ವೃತ್ತಿ ನೆರವು ಎಂದು ಹಣ ಪಡೆಯುವವರು ಇಂಥ ಸಂಗತಿಗಳನ್ನು ಹೇಳಿಕೊಡದೆ, ಜಾಲತಾಣಗಳಲ್ಲಿ ಹೇಗೆ ಮಿಂಚಬೇಕು ಎಂದಷ್ಟೇ ಹೇಳಿದರೆ ಅದು ಅರ್ಧ ನೆರವೂ ಅಲ್ಲ.

ಗೆರೆ ಎಲ್ಲಿ ಎಳೆಯಬೇಕು

ಮೇಲೆ ಹೇಳಿದ್ದೆಲ್ಲ ಕಲಿಸಬಹುದಾದ ವಿದ್ಯೆ. ಕಲಿಸುವುದಕ್ಕೆ ಶುಲ್ಕ ಪಡೆಯುವುದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಕಲಿಸುವವರು ತೀರ್ಪುಗಾರರೂ ಆದಾಗ. ಒಬ್ಬ ವ್ಯಕ್ತಿ ಬೆಳಿಗ್ಗೆ ಕಲಾವಿದರಿಂದ ಶುಲ್ಕ ಪಡೆದು, ಮಧ್ಯಾಹ್ನ ಪ್ರದರ್ಶನಕ್ಕೆ ಕೃತಿ ಆರಿಸಿ, ಸಂಜೆ ಅದೇ ಪ್ರದರ್ಶನದ ವಿಮರ್ಶೆ ಬರೆದರೆ ಆ ಮೂರೂ ಕೆಲಸ ಕೆಡುತ್ತವೆ. ಓದುಗರಿಗೆ ಮೋಸ, ಶುಲ್ಕ ಕೊಡಲಾಗದ ಕಲಾವಿದರಿಗೆ ಮೋಸ, ಕೊನೆಗೆ ಶುಲ್ಕ ಕೊಟ್ಟವರಿಗೂ ಮೋಸ. ಹೊಗಳಿಕೆ ಕೃತಿಗೆ ಬಂದದ್ದೋ ಹಣಕ್ಕೆ ಬಂದದ್ದೋ ಎಂಬ ಅನುಮಾನ ಅವರ ಬೆನ್ನು ಬಿಡುವುದಿಲ್ಲ.

ಕಲಾವಿದರಿಂದ ಹಣ ಪಡೆಯದೆಯೂ ಈ ಗೆರೆ ಅಳಿಸಿಹೋಗಬಹುದು ಎಂಬುದಕ್ಕೆ ನ್ಯೂಯಾರ್ಕಿನ ಕ್ಲೆಮೆಂಟ್ ಗ್ರೀನ್‌ಬರ್ಗ್ ಉದಾಹರಣೆ. ಜಾಕ್ಸನ್ ಪೊಲಾಕ್ ಮೊದಲಾದವರ ಪರವಾಗಿ ಬರೆದು, ಅಮೆರಿಕದ ಕಲೆಯ ದಿಕ್ಕನ್ನೇ ನಿರ್ಣಯಿಸಿದರೆಂದು ಹೆಸರಾದ ವಿಮರ್ಶಕ ಅವರು. ಕಲಾವಿದರ ಸ್ಟುಡಿಯೊಗಳಿಗೆ ಹೋಗಿ ಸಲಹೆ ಕೊಡುತ್ತಿದ್ದರು, ಗ್ಯಾಲರಿಗಳಿಗೂ ಸಲಹೆಗಾರರಾಗಿದ್ದರು. ಕಲಾವಿದರು ಅವರಿಗೆ ಕೃತಿಗಳನ್ನು ಕಾಣಿಕೆಯಾಗಿ ಕೊಡುತ್ತಿದ್ದರು. ಅಂಥ ಕೃತಿಗಳೂ ಸೇರಿದ್ದ ಅವರ ಸಂಗ್ರಹವನ್ನು ಅವರ ಕಾಲಾನಂತರ, 2000ದಲ್ಲಿ ಪೋರ್ಟ್‌ಲ್ಯಾಂಡ್ ಕಲಾ ಸಂಗ್ರಹಾಲಯ ಕೊಂಡಿತು. 1965ರಲ್ಲಿ ಶಿಲ್ಪಿ ಡೇವಿಡ್ ಸ್ಮಿತ್ ಅಪಘಾತದಲ್ಲಿ ತೀರಿಕೊಂಡಾಗ, ಅವರ ಉಯಿಲಿನಂತೆ ಕೃತಿಗಳ ಹೊಣೆ ಹೊತ್ತ ಮೂವರಲ್ಲಿ ಗ್ರೀನ್‌ಬರ್ಗ್ ಒಬ್ಬರು. ಸ್ಮಿತ್ ಉಕ್ಕಿನ ಶಿಲ್ಪಗಳಿಗೆ ಬಣ್ಣ ಬಳಿಯುವುದು ಗ್ರೀನ್‌ಬರ್ಗ್‌ಗೆ ಹಿಡಿಸುತ್ತಿರಲಿಲ್ಲ. ಹಲವು ಶಿಲ್ಪಗಳ ಬಣ್ಣವನ್ನು ಕೆರೆದು ತೆಗೆಸಲಾಯಿತು. 1974ರಲ್ಲಿ ವಿಮರ್ಶಕಿ ರೊಸಾಲಿಂಡ್ ಕ್ರಾಸ್ ಹಿಂದಿನ ಮತ್ತು ನಂತರದ ಸ್ಥಿತಿಯನ್ನು ಬಯಲಿಗೆಳೆದು ಬರೆದಾಗ ಕಲಾಲೋಕ ದಂಗಾಯಿತು. ತಮ್ಮ ಶಿಲ್ಪವೊಂದರ ಬಣ್ಣ ತೆಗೆದವರ ವಿರುದ್ಧ ಸ್ಮಿತ್ ಬದುಕಿದ್ದಾಗಲೇ ಪತ್ರಿಕೆಗೆ ಬರೆದು, ಆ ಕೃತಿ ಇನ್ನು ನನ್ನದಲ್ಲ ಎಂದು ಸಾರಿದ್ದರು. ಬೆಂಬಲಿಸುವವರ ರುಚಿ ಕಲಾವಿದರ ಇಚ್ಛೆಯನ್ನು ಹೇಗೆ ನುಂಗಬಹುದು ಎಂಬುದಕ್ಕೆ ಇದಕ್ಕಿಂತ ಕಟುವಾದ ಪಾಠ ಬೇಕಿಲ್ಲ.

ನಮ್ಮ ನಡುವಿನ ಅಪಾಯಗಳು ಇದಕ್ಕಿಂತ ಸಣ್ಣವು, ಆದರೆ ದಿನನಿತ್ಯದವು. ‘ಅಂತರರಾಷ್ಟ್ರೀಯ ಸಮೂಹ ಪ್ರದರ್ಶನಕ್ಕೆ ನೀವು ಆಯ್ಕೆಯಾಗಿದ್ದೀರಿ, ಭಾಗವಹಿಸುವ ಶುಲ್ಕ ಕಳಿಸಿ’ ಎಂಬ ಪತ್ರ ಬಹುತೇಕ ಎಲ್ಲ ತರುಣ ಕಲಾವಿದರಿಗೂ ಬಂದಿರುತ್ತದೆ. ಶುಲ್ಕ ಕೊಟ್ಟರೆ ಗೋಡೆಯಲ್ಲಿ ಎರಡಡಿ ಜಾಗ, ಒಂದು ಪ್ರಮಾಣಪತ್ರ, ಒಂದು ಪದಕ, ಕ್ಯಾಟಲಾಗಿನಲ್ಲಿ ಒಂದು ಪುಟ. ಆರಿಸಿದ್ದು ಯಾರು, ಎಷ್ಟು ಜನರನ್ನು ತಿರಸ್ಕರಿಸಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇದನ್ನು ಬಾಡಿಗೆ ಗ್ಯಾಲರಿಯ ಜೊತೆ ಬೆರೆಸಬಾರದು. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಾಗಲಿ, ನಮ್ಮ ಚಿತ್ರಕಲಾ ಪರಿಷತ್ತಿನಲ್ಲಾಗಲಿ ಕಲಾವಿದರು ಬಾಡಿಗೆ ಕಟ್ಟಿ ಪ್ರದರ್ಶನ ಮಾಡುತ್ತಾರೆ. ಅಲ್ಲಿ ಕೊಡುವುದು ಜಾಗದ ಬಾಡಿಗೆ, ಅದು ಎಲ್ಲರಿಗೂ ಗೊತ್ತು. ಕುಮಾರಕೃಪ ರಸ್ತೆಯ ಚಿತ್ರಸಂತೆಯಲ್ಲಿಯೂ ವ್ಯವಹಾರ ಬಯಲಲ್ಲೇ ನಡೆಯುತ್ತದೆ. ಜಾಗವನ್ನು ಜಾಗವೆಂದೇ ಹೇಳಿ ಮಾರಿದರೆ ಯಾರಿಗೂ ಮೋಸವಿಲ್ಲ. ಮನ್ನಣೆಯ ವೇಷ ತೊಡಿಸಿ ಮಾರಿದರೆ ಅದು ವಂಚನೆ.

ಆದ್ದರಿಂದ ವೃತ್ತಿ ನೆರವಿಗೆ ಹಣ ಕೊಡುವ ಮುನ್ನ ಕಲಾವಿದರು ಐದು ಪ್ರಶ್ನೆ ಕೇಳಬೇಕು. ನೀವು ಏನು ಮಾಡಿಕೊಡುತ್ತೀರಿ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಎಂದು ಬರೆದು ಕೊಡುತ್ತೀರಾ? ನಾನು ಅರ್ಜಿ ಹಾಕಬಹುದಾದ ಪ್ರಶಸ್ತಿ, ಅನುದಾನ, ಪ್ರದರ್ಶನಗಳ ಆಯ್ಕೆ ಸಮಿತಿಯಲ್ಲಿ ನೀವಿದ್ದೀರಾ? ನನ್ನನ್ನು ಗ್ಯಾಲರಿಗೆ ಪರಿಚಯಿಸಿದರೆ ಅಲ್ಲಿಂದ ನಿಮಗೆ ಕಮಿಷನ್ ಬರುತ್ತದೆಯೇ? ನನ್ನ ಬಗ್ಗೆ ನೀವು ಬರೆದದ್ದನ್ನು ಎಲ್ಲಿ ಅಚ್ಚು ಹಾಕುತ್ತೀರಿ, ಅದು ಹಣ ಪಡೆದು ಬರೆದದ್ದು ಎಂದು ಅಲ್ಲಿ ತಿಳಿಸುತ್ತೀರಾ? ನಡುವೆ ನಾನು ನಿಲ್ಲಿಸಿದರೆ ಉಳಿದ ಹಣ ವಾಪಸ್ಸು ಬರುತ್ತದೆಯೇ? ಪ್ರಾಮಾಣಿಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಅವರು ಕೇಳುವ ಮೊದಲೇ ಹೇಳಿರುತ್ತಾರೆ. ‘ನಿಮ್ಮನ್ನು ಎರಡು ವರ್ಷದಲ್ಲಿ ದೊಡ್ಡ ಕಲಾವಿದರನ್ನಾಗಿ ಮಾಡುತ್ತೇನೆ’ ಎಂದು ಮಾತು ಕೊಡುವವರ ಹತ್ತಿರ ಮಾತ್ರ ಸುಳಿಯಬಾರದು.

ಕ್ಯಾಟಲಾಗಿಗೆ ಪ್ರಬಂಧ ಬರೆಸುವುದು ಬೇರೆ ವಿಷಯ. ಅದಕ್ಕೆ ಗ್ಯಾಲರಿಯೋ ಕಲಾವಿದರೋ ಸಂಭಾವನೆ ಕೊಡುವುದು ಎಲ್ಲ ಕಡೆ ಇರುವ ರೂಢಿ, ಓದುವವರಿಗೂ ಅದು ಗೊತ್ತು. ಆದರೆ ಕ್ಯಾಟಲಾಗಿಗೆ ಬರೆದವರು ಅದೇ ಪ್ರದರ್ಶನವನ್ನು ಪತ್ರಿಕೆಯಲ್ಲಿ ವಿಮರ್ಶಿಸಬಾರದು. ಈ ಒಂದು ಶಿಸ್ತನ್ನು ಕನ್ನಡದ ಎಲ್ಲ ಪತ್ರಿಕೆಗಳೂ ಪಾಲಿಸಿದರೆ ವಿಮರ್ಶೆಯ ಮಾತಿಗೆ ತೂಕ ಬರುತ್ತದೆ.

ಒಳ್ಳೆಯತನವೊಂದೇ ಸಾಲದು

ಮಧ್ಯಪ್ರದೇಶದ ಕಲಾವಿದ ಜನಗಢ ಸಿಂಗ್ ಶ್ಯಾಮ್ ಅವರ ಬದುಕನ್ನು ಇಲ್ಲಿ ನೆನೆಯದೆ ಇರಲಾಗದು. ಕಲಾವಿದ, ವಿಮರ್ಶಕ ಜೆ. ಸ್ವಾಮಿನಾಥನ್ 1982ರಲ್ಲಿ ಆರಂಭವಾದ ಭೋಪಾಲದ ಭಾರತ ಭವನಕ್ಕೆ ಕಲಾಸಂಗ್ರಹ ಕಟ್ಟುವಾಗ, ಹಳ್ಳಿ ಹಳ್ಳಿಗೆ ತಂಡಗಳನ್ನು ಕಳಿಸಿದರು. ಪಾಟನ್‌ಗಢ ಎಂಬ ಊರಿನ ಗೋಡೆಯ ಮೇಲೆ ಕಂಡ ಚಿತ್ರದ ಜಾಡು ಹಿಡಿದು ಹೋದಾಗ ಸಿಕ್ಕಿದವರು ಪರಧಾನ ಗೊಂಡ ಸಮುದಾಯದ ಈ ತರುಣ. ಸ್ವಾಮಿನಾಥನ್ ಅವರನ್ನು ಭೋಪಾಲಕ್ಕೆ ಕರೆಸಿ, ಬಣ್ಣ, ಕಾಗದ ಕೊಟ್ಟು, ಭಾರತ ಭವನದಲ್ಲೇ ಕೆಲಸ ಕೊಡಿಸಿದರು. ಆಧುನಿಕರ ಕೃತಿಗಳ ಪಕ್ಕದಲ್ಲಿ ಸಮಾನ ಗೌರವದಿಂದ ಅವರ ಚಿತ್ರಗಳನ್ನಿಟ್ಟರು. 1989ರಲ್ಲಿ ಪ್ಯಾರಿಸ್ಸಿನ ಪೊಂಪಿದು ಕೇಂದ್ರದ ಹೆಸರಾಂತ ಪ್ರದರ್ಶನದಲ್ಲಿ ಜನಗಢ ಅವರ ಕೃತಿಗಳಿದ್ದವು. ಚುಕ್ಕಿ, ಗೆರೆಗಳಿಂದ ಮೈದುಂಬುವ ಅವರ ಜಿಂಕೆ, ಹಕ್ಕಿ, ದೇವತೆಗಳನ್ನು ನೋಡಿ ಅವರ ಬಂಧುಬಳಗದ ಹತ್ತಾರು ಜನ ಕುಂಚ ಹಿಡಿದರು. ಹೊಸ ಪರಂಪರೆಯೇ ಬೆಳೆಯಿತು.

ಸ್ವಾಮಿನಾಥನ್ 1994ರಲ್ಲಿ ತೀರಿಕೊಂಡರು. 2001ರಲ್ಲಿ ಜಪಾನಿನ ಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡಲು ಹೋಗಿದ್ದ ಜನಗಢ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ಆಗ ನಲವತ್ತರ ಆಸುಪಾಸು. ಯಾವ ಒಪ್ಪಂದದ ಮೇಲೆ, ಯಾವ ಸಂಭಾವನೆಗೆ, ಯಾವ ಸ್ಥಿತಿಯಲ್ಲಿ ನಮ್ಮ ಆದಿವಾಸಿ, ಜಾನಪದ ಕಲಾವಿದರು ವಿದೇಶಕ್ಕೆ ಹೋಗುತ್ತಿದ್ದಾರೆ, ಅವರಿಗೆ ತೊಂದರೆಯಾದರೆ ಕೇಳುವವರು ಯಾರು ಎಂದು ದೇಶದ ಕಲಾವಿದರು ಆಗ ಗಟ್ಟಿಯಾಗಿ ಪ್ರಶ್ನಿಸಿದರು. ಒಂದು ಸಾವಿನ ಕಾರಣವನ್ನು ಹೊರಗಿನವರು ಸರಳವಾಗಿ ಹೇಳಿಬಿಡುವುದು ಸಲ್ಲದು. ಆದರೆ ಆ ಪ್ರಶ್ನೆಗಳು ಇಂದಿಗೂ ಹಾಗೆಯೇ ನಿಂತಿವೆ.

ಸ್ವಾಮಿನಾಥನ್ ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರ ಒಳ್ಳೆಯತನದ ಮೇಲೆ ನಿಂತ ಬೆಂಬಲ ಅವರ ಆಯುಷ್ಯ ಇರುವಷ್ಟೇ ದಿನ ಇರುತ್ತದೆ. ಬರೆದಿಟ್ಟ ಒಪ್ಪಂದ, ಅದನ್ನು ಓದಿ ಹೇಳುವ ಒಂದು ಸಂಸ್ಥೆ, ತೊಂದರೆಯಾದಾಗ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆ ಇವು ಯಾರ ಆಯುಷ್ಯಕ್ಕೂ ಕಟ್ಟುಬಿದ್ದಿರುವುದಿಲ್ಲ. ಕ್ಯುರೇಟರ್ ಕಲಾವಿದರನ್ನು ಲೋಕಕ್ಕೆ ತೋರಿಸಿದರೆ ಅರ್ಧ ಕೆಲಸ ಆಯಿತು. ಲೋಕದೊಡನೆ ವ್ಯವಹರಿಸುವ ಶಕ್ತಿಯನ್ನೂ ಅವರಿಗೆ ಕೊಟ್ಟಾಗಲೇ ಅದು ಪೂರ್ಣವಾಗುವುದು.

ಬೇರೆಯವರು ಕಟ್ಟಿಕೊಂಡದ್ದು

ಕೆನಡಾದಲ್ಲಿ ಇಂಥ ವ್ಯವಸ್ಥೆಯನ್ನು ಕಲಾವಿದರೇ ಸೇರಿ ಕಟ್ಟಿದರು. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ಯಾಲರಿ ಕೃತಿಗಳ ಪ್ರತಿ ತೆಗೆಯಲು ಹಣ ಕೊಡದೆ ಅನುಮತಿ ಕೇಳಿದಾಗ ಜಾಕ್ ಚೇಂಬರ್ಸ್ ಎಂಬ ಚಿತ್ರಕಾರ ಒಪ್ಪಲಿಲ್ಲ. ಮರುವರ್ಷ ಅವರು ಮತ್ತು ಗೆಳೆಯರು ಕಾರ್ಫಾಕ್ ಎಂಬ ಸಂಘಟನೆ ಕಟ್ಟಿದರು. ಕೃತಿ ಪ್ರದರ್ಶಿಸಿದರೆ ಕಲಾವಿದರಿಗೆ ಎಷ್ಟು ಕೊಡಬೇಕು ಎಂಬ ದರಪಟ್ಟಿಯನ್ನು ಆ ಸಂಘಟನೆ ಪ್ರಕಟಿಸುತ್ತದೆ. 1988ರಲ್ಲಿ ಪ್ರದರ್ಶನದ ಹಕ್ಕು ಆ ದೇಶದ ಹಕ್ಕುಸ್ವಾಮ್ಯ ಕಾನೂನಿನಲ್ಲೇ ಸೇರಿತು. ನ್ಯೂಯಾರ್ಕಿನಲ್ಲಿ 2008ರಲ್ಲಿ ಹುಟ್ಟಿದ ವೇಜ್ ಎಂಬ ಗುಂಪು, ಕಲಾವಿದರಿಗೆ ಕನಿಷ್ಠ ಸಂಭಾವನೆ ಕೊಡುವ ಸಂಸ್ಥೆಗಳಿಗೆ ಪ್ರಮಾಣಪತ್ರ ನೀಡುತ್ತದೆ. ಅದೇ ನಗರದ ನ್ಯೂಯಾರ್ಕ್ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಡಾಕ್ಟರ್ಸ್ ಅವರ್ಸ್’ ಎಂಬ ಕಾರ್ಯಕ್ರಮ ನಡೆಸುತ್ತದೆ. ಕಲಾವಿದರು ಸಣ್ಣ ಶುಲ್ಕ ಕಟ್ಟಿ ಕ್ಯುರೇಟರ್, ವಿಮರ್ಶಕ, ಗ್ಯಾಲರಿ ನಡೆಸುವವರ ಮುಂದೆ ಇಪ್ಪತ್ತು ನಿಮಿಷ ಕುಳಿತು ತಮ್ಮ ಕೆಲಸ ತೋರಿಸಿ ಸಲಹೆ ಪಡೆಯುತ್ತಾರೆ. ಹಣ ಹೋಗುವುದು ಸಂಸ್ಥೆಗೆ. ಸಲಹೆ ಕೊಡುವವರಿಗೂ ಕೇಳುವವರಿಗೂ ನಡುವೆ ನೇರ ವ್ಯವಹಾರವಿಲ್ಲ. ನಾನು ಹೇಳುತ್ತಿರುವ ಗೆರೆ ಇಲ್ಲಿ ತಾನಾಗಿಯೇ ಉಳಿಯುತ್ತದೆ.

ನಮ್ಮಲ್ಲಿಯೂ ಬೀಜಗಳಿವೆ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮೂರು ದಶಕಗಳಿಂದ ಕಲೆಗೆ ಅನುದಾನ ನೀಡುತ್ತಿದೆ. ದೆಹಲಿಯಲ್ಲಿ 1997ರಲ್ಲಿ ಆರಂಭವಾದ ಖೋಜ್ ತರುಣ ಕಲಾವಿದರಿಗೆ ಜೊತೆಗೂಡಿ ಕೆಲಸ ಮಾಡುವ ರೆಸಿಡೆನ್ಸಿಗಳನ್ನು ನಡೆಸುತ್ತದೆ. ಕೊಚ್ಚಿ ಬಿನಾಲೆಯ ಜೊತೆ ನಡೆಯುವ ವಿದ್ಯಾರ್ಥಿಗಳ ಬಿನಾಲೆಯಲ್ಲಿ ಕ್ಯುರೇಟರ್‌ಗಳು ದೇ‍ಶದ ಕಲಾಶಾಲೆಗಳ ವಿದ್ಯಾರ್ಥಿಗಳೊಂದಿಗೆ ಕೆಲಸ ಮಾಡುತ್ತಾರೆ. ಬೆಂಗಳೂರಿನ ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ‘ಒನ್ ಶಾಂತಿರೋಡ್’ ಎಂಬ ಕಲಾವಿದರ ತಾಣವಾಗಿಸಿದ್ದಾರೆ. ಅಲ್ಲಿ ಉಳಿದುಕೊಂಡು, ಕೆಲಸ ತೋರಿಸಿ, ಮಾತಾಡಿ, ಧೈರ್ಯ ತಂದುಕೊಂಡು ಹೋದ ತರುಣರು ಬಹಳ. ಕಲಾಗುರು ಆರ್.ಎಂ. ಹಡಪದ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಬೆಳೆಸಿದ ಶಿಷ್ಯರಲ್ಲಿ ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಪ್ರದರ್ಶನ ಕಾಣುವ ಶೀಲಾ ಗೌಡ ಕೂಡ ಇದ್ದಾರೆ.

ಕರ್ನಾಟಕದಲ್ಲಿ ಆಗಬೇಕಾದದ್ದು

ಆದರೆ ಇವೆಲ್ಲ ಬಹುಪಾಲು ಬೆಂಗಳೂರಿನ ಮಾತು, ಅಥವಾ ದೆಹಲಿ, ಕೊಚ್ಚಿಯ ಮಾತು. ಬೀದರ್‌ನಲ್ಲಿ, ಚಾಮರಾಜನಗರದಲ್ಲಿ, ಕಾರವಾರದಲ್ಲಿ ಕೆಲಸ ಮಾಡುತ್ತಿರುವ ಕಲಾವಿದರಿಗೆ ಒಬ್ಬ ಕ್ಯುರೇಟರನ್ನು ಕಾಣುವುದೆಂದರೆ ರಾತ್ರಿ ಬಸ್ಸಿನ ಪ್ರಯಾಣ, ಒಂದು ದಿನದ ದುಡಿಮೆ ನಷ್ಟ, ಪರಿಚಯವಿಲ್ಲದ ಬಾಗಿಲ ಮುಂದೆ ಕಾಯುವುದು.

ರಾಜ್ಯದ ಲಲಿತಕಲಾ ಅಕಾಡೆಮಿ ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೂ ಹೌದು, ಸುಲಭವೂ ಹೌದು. ಅನುಭವಿ ವಿಮರ್ಶಕರು, ಕ್ಯುರೇಟರ್‌ಗಳ ಪಟ್ಟಿ ಮಾಡಿ, ಅವರಿಗೆ ಅಕಾಡೆಮಿಯೇ ಸಂಭಾವನೆ ಕೊಟ್ಟು, ವರ್ಷಕ್ಕೆ ಎರಡು ಬಾರಿ ಪ್ರತಿ ಜಿಲ್ಲೆಗೆ ಕಳಿಸಲಿ. ಕಲಾವಿದರು ಸರದಿಯಲ್ಲಿ ಕುಳಿತು ಕನ್ನಡದಲ್ಲಿ ಮಾತಾಡಿ ಸಲಹೆ ಪಡೆಯಲಿ. ಹಾಗೆ ಸಲಹೆ ಕೊಟ್ಟವರು ಆ ವರ್ಷ ಅಕಾಡೆಮಿಯ ಯಾವ ಪ್ರಶಸ್ತಿ, ಅನುದಾನದ ಆಯ್ಕೆ ಸಮಿತಿಯಲ್ಲೂ ಇರಬಾರದು ಎಂಬ ನಿಯಮ ಇರಲಿ. ಕೃತಿ ಮಾರಾಟ, ಗ್ಯಾಲರಿಗೆ ಕೃತಿ ಒಪ್ಪಿಸುವುದು, ಹೇಳಿ ಬರೆಸುವ ಚಿತ್ರ, ವಿದೇಶದ ಆಹ್ವಾನ ಈ ನಾಲ್ಕಕ್ಕೂ ಸರಳ ಕನ್ನಡದಲ್ಲಿ ಒಪ್ಪಂದದ ಮಾದರಿಗಳನ್ನು ವಕೀಲರಿಂದ ಬರೆಸಿ ಹಂಚಲಿ. ಕಲಾ ಕಾಲೇಜುಗಳ ಕೊನೆಯ ವರ್ಷದಲ್ಲಿ ಬೆಲೆ, ಬರಹ, ಹಕ್ಕುಸ್ವಾಮ್ಯ, ದಾಖಲೆಯ ಬಗ್ಗೆ ಒಂದು ಕಡ್ಡಾಯ ಪತ್ರಿಕೆ ಇರಲಿ. ಕಿನ್ನಾಳದ ಗೊಂಬೆ ಮಾಡುವವರು, ಚಿತ್ತಾರ ಬರೆಯುವ ಮಲೆನಾಡಿನ ಹೆಣ್ಣುಮಕ್ಕಳು, ತೊಗಲುಗೊಂಬೆ ಕಲಾವಿದರಿಗೆ ಈ ಸೌಲಭ್ಯ ಮೊದಲು ತಲುಪಬೇಕು. ಅತ್ಯಂತ ಕಡಿಮೆ ಬೆಲೆಗೆ ಅತ್ಯಂತ ಹೆಚ್ಚು ಬಳಕೆಯಾಗುತ್ತಿರುವುದು ಅವರ ಕಲೆಯೇ.

ಸ್ವತಂತ್ರವಾಗಿ ಈ ಸೇವೆ ನೀಡುವ ವಿಮರ್ಶಕರೂ ಕ್ಯುರೇಟರ್‌ಗಳೂ ತಮ್ಮ ದರವನ್ನೂ ನಿಯಮವನ್ನೂ ಬಹಿರಂಗವಾಗಿ ಪ್ರಕಟಿಸಲಿ. ಯಾರಿಗೆ ನೆರವಾಗಿದ್ದೇವೋ ಅವರ ಬಗ್ಗೆ ವಿಮರ್ಶೆ ಬರೆಯುವುದಿಲ್ಲ, ಅವರನ್ನು ಆರಿಸುವ ಸಮಿತಿಯಲ್ಲಿ ಕೂರುವುದಿಲ್ಲ ಎಂದು ಮಾತು ಕೊಡಲಿ. ಪ್ರತಿ ಹತ್ತು ಜನರಲ್ಲಿ ಒಬ್ಬರಿಗಾದರೂ ಶುಲ್ಕವಿಲ್ಲದೆ ಜಾಗ ಇಡಲಿ.

ಈ ನೆರವು ಫಲಿಸಿತೇ ಎಂದು ತಿಳಿಯಲು ಒಂದು ಸರಳ ಅಳತೆಗೋಲಿದೆ. ವರ್ಷ ಕಳೆದ ಮೇಲೆ ಆ ಕಲಾವಿದರು ತಮ್ಮ ಹೇಳಿಕೆಯನ್ನು ತಾವೇ ಬರೆಯಬಲ್ಲರೇ, ತಮ್ಮ ಕೃತಿಯ ಬೆಲೆಯನ್ನು ಕಾರಣ ಸಹಿತ ಹೇಳಬಲ್ಲರೇ, ಸರಿಯಿಲ್ಲದ ಒಪ್ಪಂದವನ್ನು ಓದಿ, ಇದಕ್ಕೆ ಸಹಿ ಹಾಕುವುದಿಲ್ಲ ಎನ್ನಬಲ್ಲರೇ? ಹೌದು ಎಂದಾದರೆ ಮಾರ್ಗದರ್ಶಕರು ಪಡೆದ ಪ್ರತಿ ರೂಪಾಯಿಯೂ ನ್ಯಾಯದ ಸಂಪಾದನೆ. ಕೃತಿ ಒಳ್ಳೆಯದೋ ಅಲ್ಲವೋ ಎಂಬ ಮಾತನ್ನು ಕಲಾವಿದರು ಬೇರೆಯವರ ಬಾಯಿಂದ, ಹಣ ಕೊಡದೆ ಕೇಳಲಿ. ಆ ಮಾತು ಕಟುವಾಗಿದ್ದರೂ ಅದರ ಮೇಲೆ ಕಾಲೂರಿ ಮುಂದಿನ ಕೃತಿಯನ್ನು ಕಟ್ಟಬಹುದು.